ಗೋದಲಿಗೆ ಬಿಟ್ಟುಕೊಟ್ಟ ಕೋಣೆ

ಸೂಜಿಯತ್ತೆಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿರಲಿಲ್ಲ, ಅವಳ ಮನೆಯ ಕಿಟಕಿ ನೋಡಿದರೆ ಸಾಕಿತ್ತು. ಕಾಲವಲ್ಲದ ಕಾಲದಲ್ಲಿ ಪರದೆಗಳೆಲ್ಲ ಕೆಳಗಿಳಿದು, ಹಿತ್ತಲಿನ ತಂತಿಯ ಮೇಲೆ ನೀರು ತೊಟ್ಟಿಕ್ಕಿಸುತ್ತಾ ನೇತಾಡುತ್ತಿದ್ದರೆ ಅಕ್ಕಪಕ್ಕದವರು ದನಿ ತಗ್ಗಿಸುತ್ತಿದ್ದರು. "ಇವತ್ತು ಯಾರಿಗೋ ಕಾದಿದೆ" ಎಂದು ಒಬ್ಬರಿಗೊಬ್ಬರು ಕಣ್ಣಲ್ಲೇ ಹೇಳಿಕೊಳ್ಳುತ್ತಿದ್ದರು.

ಸೂಜಿಯತ್ತೆ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಅವಳ ಕೆಲಸ. ಹರಿದ ಚಾದರ, ಹೊಲಿಗೆ ಬಿಟ್ಟ ದಿಂಬಿನ ಚೀಲ, ಗುಂಡಿ ಕಿತ್ತುಹೋದ ರೋಗಿಗಳ ಅಂಗಿ, ಎಲ್ಲವೂ ಅವಳ ಮೇಜಿಗೆ ಬಂದು ಮರುಜನ್ಮ ಪಡೆದು ಹೋಗುತ್ತಿದ್ದವು. ದಾರ ಪೋಣಿಸಿದ ಸೂಜಿಯೊಂದು ಅವಳ ಕೊರಳಪಟ್ಟಿಯಲ್ಲಿ ಸದಾ ಚುಚ್ಚಿಕೊಂಡೇ ಇರುತ್ತಿತ್ತು. "ಅತ್ತೆ, ನಿಮ್ಮನ್ನ ಅಪ್ಕೊಳ್ಳೋಕೂ ಭಯ" ಎಂದು ಅಣ್ಣತಮ್ಮಂದಿರ ಹೆಣ್ಣುಮಕ್ಕಳು ನಗುತ್ತಿದ್ದರು. "ಭಯ ಇರ್ಲಿ ಬಿಡಿ, ಅಷ್ಟಾದ್ರೂ ನೆಟ್ಟಗಿರ್ತೀರ" ಎಂದು ಅವಳೂ ನಗುತ್ತಿದ್ದಳು.

ಅವಳ ಮನೆಗೆ ಅವಳದೇ ಒಂದು ಪಂಚಾಂಗವಿತ್ತು. ಈಸ್ಟರಿನ ಮುಂಚಿನ ಉಪವಾಸದ ದಿನಗಳು ಬಂದರೆ ಮೇಜಿನ ಮೇಲಿನ ಹೂಬಟ್ಟೆ ಪೆಟ್ಟಿಗೆ ಸೇರಿ, ಬೋಳು ಹಲಗೆಯ ಮೇಲೆಯೇ ಊಟ. ಗಾಜಿನ ಬಟ್ಟಲು ಕಪಾಟಿಗೆ, ತಗಡಿನ ತಟ್ಟೆ ಕೈಗೆ. ಈಸ್ಟರಿನ ಬೆಳಗ್ಗೆ ಎಲ್ಲ ಕಿಟಕಿಗಳೂ ಧಡಾರನೆ ತೆರೆದು, ಹಾಸಿಗೆಗಳು ಅಂಗಳಕ್ಕೆ ಬಂದು, ಮನೆಯೇ ಒಮ್ಮೆ ಮೈಮುರಿದು ಎದ್ದಂತೆ ಕಾಣುತ್ತಿತ್ತು. ಬಿಸಿಲು ಹೆಚ್ಚಾದರೆ ತೆಳು ಪರದೆ, ಚಳಿ ಹತ್ತಿರ ಬಂದರೆ ದಪ್ಪ ಪರದೆ. ಇವೆಲ್ಲ ಅವಳಿಗೆ ಮನೆಗೆಲಸವೂ ಹೌದು, ಪ್ರಾರ್ಥನೆಯೂ ಹೌದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಕೇಳಿದರೆ, "ನಂಗೇನ್ ಗೊತ್ತು, ಅಷ್ಟೊತ್ತಿಗೆ ಕೈ ಒದ್ದೆ ಆಗಿರುತ್ತೆ" ಅನ್ನುತ್ತಿದ್ದಳು.

ಆದರೆ ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಲ್ಲಿ ಅವಳು ಮಾಡುತ್ತಿದ್ದುದು ಮಾತ್ರ ನೋಡಿದವರಿಗೆ ವಿಚಿತ್ರ. ಬೇರೆಯವರು ನಕ್ಷತ್ರ ತೂಗಿ, ದೀಪದ ಸರ ಎಳೆದು ಮನೆ ತುಂಬಿಸಿಕೊಳ್ಳುವಾಗ ಇವಳು ಮುಂದಿನ ಕೋಣೆಯನ್ನು ಖಾಲಿ ಮಾಡುತ್ತಿದ್ದಳು. ಗಂಡ ಹೆಂಡತಿಯ ಮಂಚವೇ ಅಲ್ಲಿದ್ದದ್ದು. ತಮ್ಮ ಹಾಸಿಗೆ ಸುತ್ತಿಕೊಂಡು ಅಡುಗೆಮನೆಯ ಮೂಲೆಗೆ ಹೋಗಿ, ಆ ಮಂಚಕ್ಕೆ ಒಗೆದ ಚಾದರ ಹಾಸಿ, ಪಕ್ಕದಲ್ಲಿ ಒಂದು ಹೂಜಿ ನೀರಿಟ್ಟು, ಬೀದಿ ಬಾಗಿಲಿನ ಅಗುಳಿ ಹಾಕದೆ ಬಿಡುತ್ತಿದ್ದಳು. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ. ತುಂಬು ಬಸುರಿ ಮರಿಯಮ್ಮನನ್ನು ಕರೆದುಕೊಂಡು ಊರೆಲ್ಲ ಬಾಗಿಲು ಬಡಿದ ಜೋಸೆಫನಿಗೆ ಯಾರೂ ಜಾಗ ಕೊಡಲಿಲ್ಲ ಎಂಬುದನ್ನು ವರ್ಷವರ್ಷವೂ ಚರ್ಚಿನಲ್ಲಿ ಕೇಳಿ ಅಯ್ಯೋ ಪಾಪ ಅನ್ನುತ್ತೇವಲ್ಲ, ಬರೀ ಅಯ್ಯೋ ಪಾಪ ಅಂದರೆ ಯಾರಿಗೆ ಮಲಗಲು ಜಾಗ ಸಿಗುತ್ತದೆ ಎನ್ನುವುದು ಅವಳ ಪ್ರಶ್ನೆ.

ಅವಳ ಗಂಡನದು ಚರ್ಚಿನ ಎದುರಿಗೆ ಸೈಕಲ್ ರಿಪೇರಿ ಅಂಗಡಿ. ಎಲ್ಲರ ಬಾಯಲ್ಲೂ ರಿಪೇರಿ ಮಾವ. "ಇಷ್ಟು ವರ್ಷದಲ್ಲಿ ಬಂದ ಅತಿಥಿ ಅಂದ್ರೆ ಒಂದು ಬೆಕ್ಕು" ಎಂದು ಅವನು ಗಿರಾಕಿಗಳ ಮುಂದೆ ಹೇಳುತ್ತಿದ್ದ. "ಬಂತು, ಮಂಚದ ನಡುವೆ ಮರಿ ಹಾಕ್ತು. ನನ್ನ ಹೆಂಡ್ತಿ ಅದಕ್ಕೂ ಹಾಲು ಬಿಸಿ ಮಾಡಿಕೊಟ್ಟಳು. ನಾನು ಮಾತ್ರ ನೆಲದ ಮೇಲೆ."

ಆ ವರ್ಷ ಬಂದದ್ದು ಬೆಕ್ಕಲ್ಲ, ಗಂಟೆ ತಾತ.

ಚರ್ಚಿನ ಹಿಂಬದಿಗೆ ಅಂಟಿಕೊಂಡು ಒಂದು ಸಣ್ಣ ಕೋಣೆಯಿತ್ತು, ತಾತನ ವಾಸ ಅಲ್ಲೇ. ಪ್ರಾಯದಲ್ಲಿ ಗಂಟೆಯ ಹಗ್ಗ ಹಿಡಿದವನು, ಮುದುಕನಾಗುವವರೆಗೂ ಬಿಡದೆ ಎಳೆದಿದ್ದ ತಾತ. ಆಮೇಲೆ ಗುಂಡಿ ಒತ್ತಿದರೆ ಬಾರಿಸುವ ಯಂತ್ರ ಬಂತು. ಆಗಿನ ಪಾದ್ರಿಗಳು ತುಂಬಿದ ಸಭೆಯಲ್ಲಿ, "ಹಗ್ಗ ಬಿಟ್ಟರೂ ಕೋಣೆ ಬಿಡಬೇಕಾಗಿಲ್ಲ, ನೀನಿರುವಷ್ಟು ದಿನ ಅದು ನಿನ್ನದೇ ಮನೆ" ಎಂದು ಮಾತು ಕೊಟ್ಟಿದ್ದರು. ಆ ಪಾದ್ರಿಗಳು ತೀರಿಹೋಗಿ ಬಹುಕಾಲವಾಗಿತ್ತು. ಮಾತು ಕೇಳಿಸಿಕೊಂಡವರು ಮಾತ್ರ ಎಷ್ಟೋ ಮಂದಿ ಇನ್ನೂ ಇದ್ದರು.

ಮಹಿಳಾ ಸಂಘದ ಅಧ್ಯಕ್ಷಮ್ಮನಿಗೆ ಆ ಸಲ ಆಳೆತ್ತರದ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಸಾಲು, ಕಟ್ಟಿಸುವ ಉಮೇದು ಬಂತು. ಬೆರಳೆತ್ತರದ ಹಳೆಯ ಗೊಂಬೆಗಳು ಸಾಲುವುದಿಲ್ಲವಂತೆ. ದೊಡ್ಡ ಲಾರಿಯಲ್ಲಿ ಮರಿಯಮ್ಮ, ಜೋಸೆಫ, ಕುರುಬರು, ಜ್ಞಾನಿಗಳು, ಕಣ್ಣು ಮಿಟುಕಿಸುವಂತಿದ್ದ ಒಂದು ಕತ್ತೆ, ಎಲ್ಲರೂ ಹುಲ್ಲು ಸುತ್ತಿಕೊಂಡು ಬಂದಿಳಿದರು. ಕಟ್ಟುವವರೆಗೆ ಇಡುವುದೆಲ್ಲಿ, ಬಿಚ್ಚಿದ ಮೇಲೆ ಇಡುವುದೆಲ್ಲಿ? ಗೊಂಬೆಗಳಿಗೆ ತೇವ ತಾಗಬಾರದು, ಬಣ್ಣ ಏಳುತ್ತದೆ. ಗಂಟೆ ತಾತನ ಕೋಣೆ ಬೆಚ್ಚಗಿತ್ತು.

ಭಾನುವಾರದ ಆರಾಧನೆ ಮುಗಿದ ಮೇಲೆ ಅಧ್ಯಕ್ಷಮ್ಮ ಹೋಗಿ ಹೇಳಿದಳು: "ತಾತಾ, ಹಬ್ಬ ಮುಗಿಯೋವರೆಗೆ ಎಲ್ಲಾದ್ರೂ ನೆಂಟರ ಮನೇಲಿರಿ. ದೇವರ ಕೆಲಸ ಅಲ್ವಾ?"

ದೇವರ ಕೆಲಸ ಅಂದ ಮೇಲೆ ತಾತ ಎದುರಾಡುವವನಲ್ಲ. ನೆಂಟರು ಯಾರೂ ಇಲ್ಲ ಎಂದೂ ಹೇಳಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಬಂದು ರಿಪೇರಿ ಮಾವನ ಅಂಗಡಿಯ ಬೆಂಚಿನ ಮೇಲೆ ಕೂತ, ಬಸ್ಸಿಗೆ ಕಾಯುವವನ ಹಾಗೆ. ಸಂಜೆಯಾದರೂ ಏಳಲಿಲ್ಲ. ಮಾವ ಅವನನ್ನೂ ಪೆಟ್ಟಿಗೆಯನ್ನೂ ಕೈಗಾಡಿಯ ಮೇಲೆ ಕೂರಿಸಿಕೊಂಡು ಮನೆಗೆ ತಂದ.

"ಏನೇ, ನಿನ್ನ ಮಂಚಕ್ಕೆ ಆಳು ಸಿಕ್ಕಿದ್ರು."

ಸೂಜಿಯತ್ತೆ ಬಾಗಿಲಿಗೆ ಬಂದು ನೋಡಿದಳು. ಆ ಹೊತ್ತಿಗೆ ಅವಳಿಗೆ ಬಂದದ್ದು ಸಿಟ್ಟಲ್ಲ, ಸಂತೋಷ. ನೀರು ಕಾಯಿಸಿದಳು, ಬಿಸಿ ಬಿಸಿ ಸೂಪು ಕೊಟ್ಟಳು, ತಾತನ ಕೋಟಿನ ತೋಳಿನ ತೂತಿಗೆ ಆಗಲೇ ಸೂಜಿ ಹಾಕಿದಳು. ತಾಯಿಯ ಕಾಲದಿಂದ ಹಾಸಿಟ್ಟ ಹಾಸಿಗೆ ಕಡೆಗೂ ಮನುಷ್ಯನ ಮೈ ಕಂಡಿತಲ್ಲ ಎಂದು ಅಡುಗೆಮನೆಯಲ್ಲಿ ಮೊಣಕಾಲೂರಿ ಕೃತಜ್ಞತೆ ಹೇಳಿದಳು.

ಆದರೆ ತಾತ ಮನೆಯವನಾಗಲಿಲ್ಲ. ಬೆಳಗಾದರೆ ಹೊದಿಕೆಯನ್ನು ಅಂಗಡಿಯಲ್ಲಿ ಮಡಿಸಿಟ್ಟ ಹಾಗೆ ಮಡಿಸಿ, ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು, ಮಂಚದ ತುದಿಯಲ್ಲಿ ಕೂರುತ್ತಿದ್ದ. ಇನ್ನೊಂದು ತುತ್ತು ಅಂದರೆ ಬೇಡ. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುವುದು.

"ಯಾಕ್ ತಾತಾ, ಇಲ್ಲಿ ಏನ್ ಕಮ್ಮಿ?"

"ಏನೂ ಕಮ್ಮಿ ಇಲ್ಲ ತಾಯೀ. ಅಲ್ಲಿ ನನ್ನ ಮೊಳೆಗೆ ನನ್ನ ಟೋಪಿ ನೇತು ಹಾಕ್ತಿದ್ದೆ, ಅಷ್ಟೇ."

ಸಂಘದವರಿಗೆ ಇನ್ನೊಂದು ಪದ್ಧತಿಯಿತ್ತು. ಹಬ್ಬದ ಮುಂಚೆ ಮನೆಮನೆಗೆ ಹೋಗಿ ಚೆನ್ನಾಗಿ ಸಿಂಗರಿಸಿದ ಕ್ರೈಸ್ತ ಮನೆಯನ್ನು ಆರಿಸುವುದು. ಹಾಗೆ ಅಧ್ಯಕ್ಷಮ್ಮ ಇಬ್ಬರು ಸದಸ್ಯೆಯರನ್ನು ಬೆನ್ನಿಗಿಟ್ಟುಕೊಂಡು ಸೂಜಿಯತ್ತೆಯ ಮನೆಗೂ ಬಂದಳು. ಗೋಡೆ ನೋಡಿದಳು, ಮಾಡು ನೋಡಿದಳು.

"ನಕ್ಷತ್ರ ಎಲ್ಲಮ್ಮಾ?"

"ಆಕಾಶದಲ್ಲಿದೆ ಅಕ್ಕಾ."

ಸದಸ್ಯೆಯರು ಕಿಸಕ್ಕೆಂದರು. ಅಧ್ಯಕ್ಷಮ್ಮ ನಗಲಿಲ್ಲ. ಮುಂದಿನ ಕೋಣೆಗೆ ಇಣುಕಿದಳು. ತಾತ ಎದ್ದು ನಿಂತ. ಅವಳ ಮುಖ ಅರಳಿತು.

"ಅಯ್ಯೋ, ಎಷ್ಟು ಚೆನ್ನಾಗಿಟ್ಕೊಂಡಿದ್ದೀರಮ್ಮಾ! ನೀವು ಕೋಣೆ ಖಾಲಿ ಇಟ್ಟಿರ್ತೀರ ಅಂತ ನಂಗೆ ಗೊತ್ತಿತ್ತು. ಆ ಧೈರ್ಯದ ಮೇಲೇ ನಾನು ತಾತಂಗೆ ಹೇಳಿದ್ದು. ಇನ್ನು ಇವರು ಇಲ್ಲೇ ಇರ್ಲಿ ಬಿಡಿ. ಅಲ್ಲಿ ಗೋಡೆ ತುಂಬ ಹಲಗೆ ಹೊಡೆಸಿಬಿಟ್ಟಿದ್ದೀವಿ, ಗೊಂಬೆಗಳಿಗೆ. ನೋಡಿ, ದೇವರು ಹೇಗೆ ದಾರಿ ಮಾಡ್ತಾನೆ!"

ನಿಂತಿದ್ದ ತಾತ ಹಾಗೇ ಕುಕ್ಕರಿಸಿದ.

ಅವರು ಆಚೆ ಬೀದಿಯ ತಿರುವು ದಾಟುವಷ್ಟರಲ್ಲಿ ಮನೆಯ ಪರದೆಗಳೆಲ್ಲ ಕೆಳಗಿಳಿದಿದ್ದವು. ಸೂಜಿಯತ್ತೆ ಒಗೆಯುವ ಕಲ್ಲಿಗೆ ಪರದೆ ಅಪ್ಪಳಿಸುವ ಸದ್ದು ಅಂಗಡಿಯವರೆಗೂ ಕೇಳಿಸಿತಂತೆ.

"ನನ್ನ ಕೋಣೆ ಖಾಲಿ ಇತ್ತಂತೆ! ಅದಕ್ಕೇ ತಾತನ ಕೋಣೆ ಕಿತ್ಕೊಂಡ್ರಂತೆ! ನಾನು ಹಾಸಿಗೆ ಹಾಸಿದ್ದು ದಿಕ್ಕಿಲ್ಲದವರು ಬರ್ಲಿ ಅಂತ. ಇವರು ದಿಕ್ಕಿರೋರನ್ನ ದಿಕ್ಕಿಲ್ಲದವರನ್ನಾಗಿ ಮಾಡಿ ಕಳಿಸ್ಲಿ ಅಂತ ಅಲ್ಲ!"

"ಪರದೆ ಏನ್ ಮಾಡ್ತೇ ಪಾಪ, ಬಿಡೇ" ಎಂದ ಮಾವ.

"ನೀವ್ ಸುಮ್ನಿರಿ! ಅಲ್ಲ, ದೇವರು ದಾರಿ ಮಾಡಿದನಂತೆ! ಮಾಡಿದ್ದು ಇವಳು, ಹೆಸರು ಆತನದು."

ಅವಳು ಒದ್ದೆ ಕೈಯಲ್ಲೇ ಪಾದ್ರಿಗಳ ಮನೆಗೆ ಹೋದಳು. ಈಗಿನ ಪಾದ್ರಿಗಳು ಒಳ್ಳೆಯವರೇ. ಆದರೆ ಯಾರು ಕೊನೆಗೆ ಮಾತಾಡಿ ಹೋದರೋ ಅವರದೇ ಸರಿ ಎನ್ನುವಷ್ಟು ಒಳ್ಳೆಯವರು.

"ಹಬ್ಬದ ಹೊತ್ತಲ್ಲಿ ಮನಸ್ತಾಪ ಬೇಡಮ್ಮಾ. ಗೋದಲಿ ನೋಡೋಕೆ ದೂರದಿಂದೆಲ್ಲ ಜನ ಬರ್ತಾರೆ. ನಮ್ಮ ನಂಬಿಕೆಗೆ ಸಾಕ್ಷಿ ಅಲ್ವಾ ಅದೂ?"

"ಅಯ್ಯನೋರೇ, ತಾತಂಗೆ ಮಾತು ಕೊಟ್ಟಿದ್ದು ಸಭೆಯಲ್ಲಿ. ನಾನೇ ಅಲ್ಲಿದ್ದೆ."

"ಹೌದು, ಹೌದು. ಅದಕ್ಕೆ ಪ್ರಾರ್ಥನೆ ಮಾಡೋಣ."

"ಪ್ರಾರ್ಥನೆ ನಾನು ಮಾಡ್ತೀನಿ. ನೀವು ಬೀಗ ತೆಗೆಸಿ."

ಪಾದ್ರಿಗಳು ಕನ್ನಡಕ ಒರೆಸಿಕೊಂಡರು. ಬೀಗ ತೆಗೆಸಲಿಲ್ಲ.

ಕ್ರಿಸ್ಮಸ್ ಬಂತು. ಚರ್ಚಿನ ಮುಂದೆ ಗೋದಲಿ ಝಗಝಗಿಸಿತು. ಜನ ಮುಗಿಬಿದ್ದು ನೋಡಿದರು. ಜಾಗ ಸಿಗದೆ ಅಲೆದ ಗಂಡ ಹೆಂಡಿರ ಕಥೆಯನ್ನು ಪಾದ್ರಿಗಳು ಕಣ್ಣೀರು ಬರುವ ಹಾಗೆ ಹೇಳಿದರು. ಸೂಜಿಯತ್ತೆಗೂ ಕಣ್ಣೀರು ಬಂತು, ಅದು ಬೇರೆ ಕಾರಣಕ್ಕೆ. ತಾತ ಹಿಂದಿನ ಬೆಂಚಿನಲ್ಲಿ ಕೂತು ಹಾಡಿದ. ಹಾಡು ಮುಗಿದ ಮೇಲೆ ಅಭ್ಯಾಸಬಲದಿಂದ ಹಿಂಬದಿಯ ಕೋಣೆಯತ್ತ ನಡೆದು, ಬೀಗ ಮುಟ್ಟಿ ನೋಡಿ ವಾಪಸು ಬಂದ. ಅದನ್ನು ಅವಳು ಕಂಡಳು. ಉತ್ತಮ ಮನೆಯ ಬಹುಮಾನ ಅಧ್ಯಕ್ಷಮ್ಮನ ಮನೆಗೇ ಹೋಯಿತು. ಅದರಲ್ಲೂ ಅವರ ಮುಂದಿನ ಕೋಣೆ, ಕಾಲಿಟ್ಟರೆ ಹೂತುಹೋಗುವ ಜಮಖಾನೆ, ಮುಟ್ಟಲು ಭಯವಾಗುವ ಸೋಫಾ, ಮೂಲೆಯಲ್ಲಿ ಮಿನುಗುವ ಮರ, ಅದೊಂದು ನೋಡುವಂಥದ್ದಂತೆ.

ಹಬ್ಬದ ದಿನಗಳು ಕಳೆದು ಗೋದಲಿ ಬಿಚ್ಚುವ ಭಾನುವಾರ ಬಂತು. ಗೊಂಬೆಗಳನ್ನು ಹಿಂಬದಿಯ ಕೋಣೆಗೆ ಸಾಗಿಸಲು ಅಧ್ಯಕ್ಷಮ್ಮ ರಿಪೇರಿ ಮಾವನ ಕೈಗಾಡಿಗೇ ಹೇಳಿಕಳಿಸಿ, ಊಟ ಮುಗಿಸಿ ಬರುತ್ತೇನೆಂದು ಮನೆಗೆ ಹೋದಳು. ಮಾವ ಮರಿಯಮ್ಮನನ್ನೂ ಜೋಸೆಫನನ್ನೂ ಗಾಡಿಗೆ ಏರಿಸಿ ಹಗ್ಗ ಬಿಗಿದ. ಕತ್ತೆಯನ್ನು ಮೇಲೆ ಕೂರಿಸಿದ. ಸೂಜಿಯತ್ತೆ ಬಂದು ಗಾಡಿಯ ಮೂಕಿ ಹಿಡಿದಳು.

"ಎಡಕ್ಕೆ ತಿರುಗಿಸಿ ರೀ."

"ಕೋಣೆ ಬಲಕ್ಕಿದೆಯಲ್ಲೇ."

"ಗೊತ್ತು. ಎಡಕ್ಕೆ."

ಮಾವ ಒಮ್ಮೆ ಹೆಂಡತಿಯ ಮುಖ ನೋಡಿದ. ಎಡಕ್ಕೆ ತಿರುಗಿಸಿದ.

ಹಗಲು ಹೊತ್ತು, ಬೀದಿ ತುಂಬ ಜನ. ಗೇಟು ದಾಟಿ ಗಾಡಿ ಹೊರಟದ್ದೇ ತಡ, ಹಿಂದೆ ನಾಲ್ಕಾರು ಮಂದಿ, ತಿರುವಿನಲ್ಲಿ ಇನ್ನಷ್ಟು ಮಂದಿ. "ಎಲ್ಲಿಗತ್ತೇ ಸವಾರಿ?" ಎಂದು ಯಾರೋ ಕೂಗಿದರು. "ಜಾಗ ಹುಡುಕೋಕೆ!" ಎಂದಳು. ಕಲ್ಲುಹಾಸಿನ ಮೇಲೆ ಗಾಡಿ ಕುಲುಕಿದಂತೆಲ್ಲ ಕತ್ತೆ ತಲೆಯಾಡಿಸುತ್ತಿತ್ತು. ಪಾದ್ರಿಗಳೂ ಸುದ್ದಿ ತಿಳಿದು ನಿಲುವಂಗಿ ಎತ್ತಿ ಹಿಡಿದುಕೊಂಡು ಓಡಿಬಂದರು.

ಸೂಜಿಯತ್ತೆ ಅಧ್ಯಕ್ಷಮ್ಮನ ಮನೆಯ ಬಾಗಿಲು ಬಡಿದಳು. ಅಧ್ಯಕ್ಷಮ್ಮ ಊಟದ ಕೈಯಲ್ಲೇ ಬಂದಳು.

"ಇದೇನಮ್ಮಾ ಇದು?"

"ಇವರಿಗೆ ಉಳ್ಕೊಳ್ಳೋಕೆ ಜಾಗ ಬೇಕಿತ್ತು ಅಕ್ಕಾ. ನಿಮ್ಮ ಮುಂದಿನ ಕೋಣೆ ತುಂಬ ಚೆನ್ನಾಗಿದೆಯಂತೆ."

"ತಲೆ ಕೆಟ್ಟಿದೆಯಾ? ಚರ್ಚಲ್ಲಿ ಕೋಣೆ ಇದೆಯಲ್ಲ!"

"ಅದು ತಾತನ ಮನೆ. ಅಲ್ಲಿ ಇವರನ್ನಿಟ್ಟರೆ ಇವರಿಗೇ ನಿದ್ದೆ ಬರಲ್ಲ. ಬೇಡ ಅನ್ನೋದಾದ್ರೆ ಬೇಡ ಅನ್ನಿ. ಆದ್ರೆ ನನ್ನ ಹತ್ರ ಅನ್ಬೇಡಿ, ಇವರಿಬ್ಬರ ಮುಖ ನೋಡಿ ಅನ್ನಿ. ಜೋರಾಗಿ ಅನ್ನಿ, ಹಿಂದಿರೋರಿಗೂ ಕೇಳಿಸ್ಲಿ."

ಅಧ್ಯಕ್ಷಮ್ಮನ ಕಣ್ಣು ಮರಿಯಮ್ಮನ ಮೇಲೆ ಹೋಯಿತು, ಜನದ ಮೇಲೆ ಹೋಯಿತು, ಪಾದ್ರಿಗಳ ಮೇಲೆ ಹೋಯಿತು. ಪಾದ್ರಿಗಳು ತಮ್ಮ ಬೂಟು ನೋಡುತ್ತಿದ್ದರು.

"ಸರಿ, ಹಿಂದುಗಡೆ ಕಾರು ಶೆಡ್ಡಲ್ಲಿ ಇಟ್ಟು ಹೋಗಿ" ಎಂದಳು ಹಲ್ಲು ಕಚ್ಚಿ.

"ಶೆಡ್ಡು, ಕೊಟ್ಟಿಗೆ ಎಲ್ಲ ಆ ಕಾಲದಲ್ಲೇ ಆಯ್ತಕ್ಕಾ. ಈ ಸಲ ಒಳಗೆ."

ಜನ ಘೊಳ್ಳೆಂದರು. ಯಾರೋ ಇಬ್ಬರು ಆಗಲೇ ಜೋಸೆಫನ ಕಾಲು ಹಿಡಿದು ಎತ್ತಿದ್ದರು. ಅಧ್ಯಕ್ಷಮ್ಮ ಬಾಗಿಲಿನಿಂದ ಸರಿದು ನಿಂತಳು. ಸರಿಯದೆ ಬೇರೆ ದಾರಿಯೇ ಇರಲಿಲ್ಲ. ಹುಲ್ಲು ಉದುರಿಸುತ್ತಾ ಪವಿತ್ರ ಕುಟುಂಬ ಜಮಖಾನೆ ಏರಿತು. ಕತ್ತೆಗೆ ಸೋಫಾದ ಪಕ್ಕ ಜಾಗವಾಯಿತು. ಕುರುಬರು, ಜ್ಞಾನಿಗಳು ಮುಂದಿನ ಸರದಿಗೆ ಬರುತ್ತಾರೆಂದು ಮಾವ ವಿನಯದಿಂದ ತಿಳಿಸಿದ.

"ಬೀಗದ ಕೈ" ಎಂದು ಸೂಜಿಯತ್ತೆ ಅಂಗೈ ಚಾಚಿದಳು.

ಬೀಗದ ಕೈ ಬಂತು. ಆ ಮಧ್ಯಾಹ್ನವೇ ಮಾವ ಕೋಣೆಯ ಹಲಗೆಗಳನ್ನು ಕಿತ್ತು ಹಾಕಿದ. ಸೂಜಿಯತ್ತೆ ನೆಲ ತೊಳೆದಳು, ಕಿಟಕಿ ಒರೆಸಿದಳು, ಹಾಸಿಗೆ ಹಾಸಿದಳು. ಸಿಟ್ಟು ಇಳಿದಿತ್ತೆಂದು ಯಾರೂ ತಿಳಿಯಬಾರದು. ತಾತನ ತಟ್ಟೆ ಲೋಟ ಮೂಲೆಗೆ ಎಸೆದಿದ್ದು ಕಣ್ಣಿಗೆ ಬಿದ್ದಾಗ ಅದು ಇನ್ನೊಂದು ಮೆಟ್ಟಿಲು ಏರಿತ್ತು.

ಸಂಜೆ ಪಾದ್ರಿಗಳು ಬಂದರು. ಕೋಣೆಯ ಹೊರಗೆ ನಿಂತು, "ಮುಂದಿನ ಭಾನುವಾರ ಸಭೆಯಲ್ಲಿ ನಿಮಗೆ ಧನ್ಯವಾದ ಹೇಳಿಸೋಣ ಅಂತ ಇದ್ದೀನಮ್ಮಾ. ದೊಡ್ಡ ಪಾಠ ಕಲಿಸಿದ್ರಿ" ಎಂದರು.

"ನಂಗ್ಯಾಕೆ ಧನ್ಯವಾದ? ಆವತ್ತು ಬೀಗ ತೆಗೆಸಿ ಅಂದ್ನಲ್ಲ, ಆಗ ಎಲ್ಲಿ ಹೋಗಿತ್ತು ಪಾಠ? ಕ್ಷಮೆ ಕೇಳೋದಿದ್ರೆ ಒಳಗೆ ಒಬ್ಬರಿದ್ದಾರೆ, ಅವರ ಹತ್ರ ಕೇಳಿ" ಎಂದು ನೆಲ ಒರೆಸಿದ ಬಟ್ಟೆಯನ್ನು ಅವರ ಕಾಲ ಬುಡದಲ್ಲೇ ಹಿಂಡಿದಳು.

ಪಾದ್ರಿಗಳು ಹೊಸ್ತಿಲವರೆಗೆ ಹೋಗಿ, ಒಳಗೆ ಹೋಗಲೋ ಬೇಡವೋ ಎಂದು ತಡೆದರು. ಒಳಗಿನಿಂದ ಗಂಟೆ ತಾತನ ಗಟ್ಟಿ ದನಿ ಕೇಳಿಸಿತು.

"ಯಾರು, ಅಯ್ಯನೋರಾ? ಬನ್ನಿ, ಬನ್ನಿ. ಕಾಲೊರೆಸ್ಕೊಂಡ್ ಬನ್ನಿ, ನೆಲ ಇನ್ನೂ ಒದ್ದೆ ಇದೆ."