ದೊರೆಸಾನಿ ಹಚ್ಚದ ಪತ್ರಿ ಗಿಡ

ಆ ಬಿಲ್ವಪತ್ರಿ ಗಿಡವನ್ನು ಕಡಿದವಳು ನಾನೇ, ನೀಲಮ್ಮ. ಕಡಿದು, ಅದು ಇರಲೇ ಇಲ್ಲವೆಂದು ಹಿರಿಯರ ಮುಂದೆ ಹೇಳಿದವಳೂ ನಾನೇ. ಇದನ್ನು ಬರೆಯುತ್ತಿರುವುದು ನಿನ್ನ ಮೇಲೆ ಪ್ರೀತಿ ಉಕ್ಕಿ ಅಲ್ಲ. ನಿನ್ನನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಕಂಟೋನ್ಮೆಂಟಿನ ಆ ಹಳೇ ಬಂಗಲೆಯನ್ನು ಮಾವನವರು ಕೊಂಡು ಲಾಡ್ಜು ಮಾಡಿದಾಗ ಅಂಗಳದಲ್ಲಿ ಜಾಲಿ ಮುಳ್ಳು ಬಿಟ್ಟರೆ ಏನಿತ್ತು? ನೀನು ನನ್ನ ಮೈದುನನ ಕೈಹಿಡಿದು ಕೆಂಚನಗುಡ್ಡದಿಂದ ಬಂದೆ — ಬಂದವಳು ಸುಮ್ಮನಿರಬಾರದೇ? ಹೊಳೆದಂಡೆಯ ಮಣ್ಣು ತರಿಸಿದೆ, ಬಚ್ಚಲ ನೀರಿಗೆ ಕಾಲುವೆ ತೋಡಿದೆ. ಬಳ್ಳಾರಿಯ ಬಿಸಿಲಲ್ಲಿ ಮಲ್ಲಿಗೆ, ಗುಲಾಬಿ, ಕನಕಾಂಬರ! ಹಿಂದಿನ ಮೂಲೆಯಲ್ಲಿ ನಿನ್ನ ಲಿಂಗಪೂಜೆಗೆಂದು ಒಂದು ಪತ್ರಿ ಗಿಡ. ಒಲೆಯ ಹೊಗೆ ಕುಡಿಯುತ್ತ ಇಡೀ ಲಾಡ್ಜಿಗೆ ರೊಟ್ಟಿ ಬಡಿದವಳು ನಾನು. ಹೊಗಳಿಕೆಯೆಲ್ಲ ನಿನ್ನ ಹೂವಿಗೆ.

ಒಮ್ಮೆ ಆದೋನಿಯ ಹತ್ತಿ ವ್ಯಾಪಾರಿಯೊಬ್ಬರು, ಈ ತೋಟ ಯಾರು ಮಾಡಿದ್ದೆಂದು ಕೇಳಿದರು. ನಿನ್ನ ಹೆಸರು ಬಾಯಿಗೆ ಬರಲಿಲ್ಲ — ಬರಲಿಲ್ಲವೇನು, ನಾನೇ ತರಲಿಲ್ಲ. "ಬ್ರಿಟಿಷ್ ದೊರೆಸಾನಿ ಹಚ್ಚಿದ್ದರಿ" ಎಂದುಬಿಟ್ಟೆ. ಆಮೇಲೆ ಬಂದವರಿಗೆಲ್ಲ ಅದೇ ಕಥೆ. ದೊರೆಸಾನಿಗೆ ಒಂದು ಬಿಳಿ ಕೊಡೆ ಕೊಟ್ಟೆ, ಒಂದು ನಾಯಿಯನ್ನೂ ಕೊಟ್ಟೆ! ಜನ ಆ ಕಥೆ ಕೇಳಲೆಂದೇ ನಮ್ಮಲ್ಲಿ ಇಳಿದುಕೊಳ್ಳತೊಡಗಿದರು. ನೀನು ಕೇಳಿಸಿಕೊಂಡು ನಗುತ್ತಿದ್ದೆ. ಆ ನಗುವಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ತುರ್ತು ಪರಿಸ್ಥಿತಿ ಮುಗಿದ ವರ್ಷ ಮೈದುನ ತೀರಿಕೊಂಡ. ಪಾಲಿನ ಮಾತು ಬಂತು. ತೋಟದ ಕಡೆಯ ಅರ್ಧ ಲಾಡ್ಜು ನಿನಗೆ ಬೇಕೆಂದು, ತೋಟ ನಿನ್ನ ಕೈಯ ದುಡಿಮೆಯೆಂದು ನೀನು ಪಟ್ಟು ಹಿಡಿದೆ. ತೋಟ ದೊರೆಗಳ ಕಾಲದ್ದು, ಇವಳಿಗೆ ಕರೂರು ಹಳ್ಳಿಯ ನಮ್ಮ ಮನೆತನದ ಹೊಲ ಸಾಕು ಎಂದು ನಾನು. ತೀರ್ಮಾನಕ್ಕೆ ಕುರುಗೋಡಿನಿಂದ ಹಿರಿಯರು ಬರುವವರಿದ್ದರು; ನೀನು ತವರಿನಲ್ಲಿದ್ದೆ. ಅವರು ಬರುವ ಹಿಂದಿನ ದಿನ ಮಧ್ಯಾಹ್ನ ನನಗೆ ಹೊಳೆಯಿತು — ಯಾವ ದೊರೆಸಾನಿ ಶಿವನ ಪೂಜೆಗೆ ಪತ್ರಿ ಗಿಡ ಹಚ್ಚುತ್ತಾಳೆ? ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ಪತ್ರಿ ಗಿಡಕ್ಕೆ ಕೊಡಲಿ ಹಾಕಿದೆ. ಮುಳ್ಳು ಮೊಣಕೈವರೆಗೆ ಗೀರಿತು. ಬುಡದ ಮೇಲೆ ಗುಲಾಬಿಯ ಸಿಮೆಂಟ್ ಕುಂಡ ಎಳೆದಿಟ್ಟೆ.

ಮರುದಿನ ನೀನು ಬಸ್ಸಿಳಿದು ಬಂದವಳೇ ಹಿರಿಯರಿಗೆ ಹೇಳಿದೆ: "ದೊರೆಸಾನಿ ಲಿಂಗಪೂಜಿ ಮಾಡ್ತಿದ್ಲೇನ್ರಿ? ಬರ್ರಿ, ನಾ ಹಚ್ಚಿದ ಪತ್ರಿ ಗಿಡ ತೋರಸ್ತೀನಿ." ಮೂಲೆಗೆ ಹೋಗಿ ನೀನು ಕುಂಡದ ಮುಂದೆ ನಿಂತುಬಿಟ್ಟೆ. "ಅಕ್ಕಾ, ಗಿಡ ಎಲ್ಲೈತಿ?"

ಗೀರಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಹೇಳಿದೆ: "ಯಾವ ಗಿಡಬೇ ತಾಯಿ? ಕನಸು ಗಿನಸು ಬಿದ್ದೈತೇನು ನಿನಗ?"

ಹಿರಿಯರಲ್ಲಿ ಒಬ್ಬರು ನಕ್ಕರು. "ಗಂಡ ಹೋದ ದುಃಖದಾಗ ಪಾಪ, ತಲಿ ನೆಟ್ಟಗಿಲ್ಲ" ಎಂದರು ಇನ್ನೊಬ್ಬರು. ನನ್ನ ಗಂಡನಿಗೆ ಎಲ್ಲ ಗೊತ್ತಿತ್ತು. ಹಿರಿಯರಿಗೆ ಚಹಾ ತರಿಸಲು ಎದ್ದು ಹೋದರು. ಲಾಡ್ಜು ನಮಗೆ, ಹೊಲ ನಿನಗೆ ಎಂದು ತೀರ್ಮಾನವಾಯಿತು. ಸಂಜೆಯ ಬಸ್ಸಿಗೆ ನೀನು ಕರೂರಿಗೆ ಹೊರಟುಹೋದೆ.

ತಲೆ ನೆಟ್ಟಗಿಲ್ಲವೆಂಬ ಆ ಮಾತು ನಿನಗಿಂತ ಮೊದಲೇ ಕರೂರು ಮುಟ್ಟಿತ್ತಂತೆ. ಇಷ್ಟು ವರ್ಷಗಳಾದರೂ ಓಣಿಯವರು ನಿನ್ನನ್ನು ತಲೆಕೆಟ್ಟವಳು ಎನ್ನುತ್ತಾರಂತೆ. ಮೊನ್ನೆ ಅಲ್ಲಿಂದ ಬಂದವರು ಹೇಳಿದರು — ಗಿಡ ನಿಜವಾಗಿಯೂ ಇತ್ತೋ ಇಲ್ಲವೋ ಎಂದು ಈಗ ನೀನೇ ಕೇಳುತ್ತೀಯಂತೆ. ಅರ್ಧ ಲಾಡ್ಜು ನನಗೆ ಬೇಕಿತ್ತು, ಹೌದು. ಇದು ನನಗೆ ಬೇಕಿರಲಿಲ್ಲ ಎಂದು ಹೇಳಲು ಹೊರಟೆ... ಸುಳ್ಳು. ಅಂದು ಬೇಕಿತ್ತು.

ಬೇರು ಸಾಯಲಿಲ್ಲ ನೀಲಮ್ಮ. ವರ್ಷವರ್ಷವೂ ಕುಂಡದ ಪಕ್ಕ ಚಿಗುರುತ್ತದೆ, ನಾನೇ ಚಿವುಟಿ ಹಾಕಿದ್ದೇನೆ. ಈ ಸಲ ಬಿಟ್ಟಿದ್ದೇನೆ. ತೋಟದ ಕಡೆಯ ಅರ್ಧ ನಿನ್ನದೆಂದು ನನ್ನ ಮಕ್ಕಳಿಗೆ ಹೇಳಿಯಾಗಿದೆ, ಕುದಿಯುತ್ತಿದ್ದಾರೆ, ಕುದಿಯಲಿ.

ಈ ಕಾಗದ ಹಿಡಿದುಕೊಂಡೇ ನಾಳೆ ಕರೂರಿನ ಬಸ್ಸು ಹತ್ತುತ್ತೇನೆ. ನಿನ್ನ ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ — ಗಿಡ ಇತ್ತು, ಹಚ್ಚಿದವಳು ನೀಲಮ್ಮ. ನೀನು ಕದ ಹಾಕಿಕೊಂಡರೆ ಕದಕ್ಕೇ ಹೇಳಿ ಬರುತ್ತೇನೆ.