ಪೂಜೆಗೆ ಕುಳಿತ ಡಿಸ್ಕ್

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಆಗ ನಾನು ರಾಮನಗರದಲ್ಲಿದ್ದುಕೊಂಡು ಸುತ್ತಮುತ್ತಲ ಖಾಸಗಿ ಹಾಲು ಘಟಕಗಳಲ್ಲಿ ಲೆಕ್ಕ ಇಡುವ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಹೆಸರು ದೊಡ್ಡದು, ಕೆಲಸ ಬೈಕಿನಲ್ಲಿ ಅಲೆಯುವುದು.

ವಿಜಯದಶಮಿಯ ಬೆಳಿಗ್ಗೆ ಸೋಲೂರು ಬಳಿಯ ಘಟಕದಿಂದ ಆಪರೇಟರ್ ನಾಗವೇಣಿ ಫೋನ್ ಮಾಡಿದರು.

"ಸಾ, ನೆನ್ನೆ ಆಯುಧಪೂಜೆಗೆ ಅಂತ ಸರ್ವರ್ ಆಫ್ ಮಾಡಿದ್ದೊ. ಈಗ ಏಳ್ತಾನೇ ಇಲ್ಲ, ಅರ್ಧಕ್ಕೇ ನಿಂತೋಯ್ತದೆ."

ಹಬ್ಬದ ದಿನ, ನನಗೆ ರೇಗಿತು. "ನೀರು, ಕುಂಕುಮ ಎಲ್ಲ ಸುರಿದಿರ್ತೀರಿ. ಅದನ್ನ ಮುಟ್ಟಿ ಅಂದವರು ಯಾರು?" ಎಂದುಬಿಟ್ಟೆ. ಫೋನ್ ಸ್ಪೀಕರಿನಲ್ಲಿತ್ತು, ಪಕ್ಕದಲ್ಲೇ ಮಾಲೀಕ ರಂಗಸ್ವಾಮಿ ನಿಂತಿದ್ದರು ಎಂಬುದು ತಿಳಿದದ್ದು ಅಲ್ಲಿಗೆ ಹೋದ ಮೇಲೆ.

"ಈಯಮ್ಮನ್ನ ನಾಳೆಯಿಂದ ಬರ್ಬ್ಯಾಡ ಅಂದಿವ್ನಿ. ನೀವು ಮೊದ್ಲು ಮಿಷಿನ್ ನೋಡಿ" ಎಂದರು ಅವರು. ನಾಗವೇಣಿ ಕ್ಯಾನುಗಳ ಪಕ್ಕ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಅವರ ಮನೆ ನಡೆಯುತ್ತಿದ್ದುದೇ ಆ ಸಂಬಳದಲ್ಲಿ.

ಪೆಟ್ಟಿಗೆ ಬಿಚ್ಚಿದೆ. ಒಳಗೆ ಒಂದು ಹನಿ ತೇವವಿರಲಿಲ್ಲ. ಪರದೆಯ ಮೇಲೆ 'ಎಮರ್ಜೆನ್ಸಿ ಮೋಡ್' ಎಂದಿತ್ತು. ಬೇಕಾದದ್ದು ಸಿಗದೆ ಲಿನಕ್ಸ್ ಅರ್ಧದಲ್ಲೇ ಕೈಚೆಲ್ಲುವ ಸ್ಥಿತಿ ಅದು. ಯಂತ್ರ ತಾನೇ ಬರೆದಿಡುವ ಲಾಗ್ ಓದಿದೆ. ಸರ್ವರ್ ಹುಡುಕುತ್ತಿದ್ದುದು ಹೊರಗಿನಿಂದ ಜೋಡಿಸಿದ್ದ ಬ್ಯಾಕಪ್ ಡಿಸ್ಕನ್ನು.

"ಅದಾ? ದ್ಯಾವ್ರ ಮುಂದೆ ಐತೆ ಸಾ" ಎಂದರು ನಾಗವೇಣಿ. "ಪೂಜೆಗಿಟ್ಟ ಸಾಮಾನ ಇವತ್ತಿನ ಮಂಗಳಾರ್ತಿ ಆಗೋಗಂಟ ತೆಗಿಯಂಗಿಲ್ವಲ್ಲ."

ಸ್ಪಾನರು, ಮಚ್ಚುಗಳ ನಡುವೆ ಚೆಂಡುಹೂ ಮುಡಿದು ಡಿಸ್ಕ್ ಕುಳಿತಿತ್ತು. ನಗು ಬರಬೇಕಿತ್ತು, ಬರಲಿಲ್ಲ. ಏಳುವಾಗ ಯಾವ ಡಿಸ್ಕ್‌ಗಳನ್ನು ಜೋಡಿಸಿಕೊಳ್ಳಬೇಕೆಂದು ಸರ್ವರ್‌ಗೆ ಹೇಳುವ ಫೈಲು ಎಫ್‌ಎಸ್‌ಟ್ಯಾಬ್. ಅದರಲ್ಲಿ ಆ ಡಿಸ್ಕಿನ ಸಾಲು ಬರೆದವನು ನಾನು. 'ನೋಫೇಲ್' ಎಂಬ ಒಂದು ಪದ ಸೇರಿಸಿದ್ದರೆ ಡಿಸ್ಕ್ ಇಲ್ಲದಿದ್ದರೂ ಸರ್ವರ್ ಏಳುತ್ತಿತ್ತು. ನಾನು ಸೇರಿಸಿರಲಿಲ್ಲ, ಸಾಲು ಬರೆದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿರಲೂ ಇಲ್ಲ.

ಪದ ಸೇರಿಸಿದೆ. ಸರ್ವರ್ ಎದ್ದಿತು.

"ಏನಾಗಿತ್ತು?" ಎಂದರು ರಂಗಸ್ವಾಮಿ.

"ಎಫ್‌ಎಸ್‌ಟ್ಯಾಬ್‌ನಲ್ಲಿ ಮೌಂಟ್ ಫೇಲ್ಯೂರ್" ಎಂದೆ. ಅದು ಸುಳ್ಳಲ್ಲ. ಆದರೆ ಅವರಿಗೆ ಅರ್ಥವಾಗಬಾರದೆಂದೇ ಹಾಗೆ ಹೇಳಿದೆ. "ಪೂಜೆ ಮಾಡಕೋಗಿ ಕೆಡ್ಸೌಳೆ" ಎಂದು ಅವರು ತಲೆಯಾಡಿಸಿದರು. ನಾನು ತಿದ್ದಲಿಲ್ಲ.

ಗೇಟಿನ ಹತ್ತಿರ ನಾಗವೇಣಿ ಅಡ್ಡ ಬಂದರು. "ಒಸಿ ಕನ್ನಡದಲ್ಲಿ ಹೇಳಿ ಸಾ. ತಪ್ಪು ನಂದಾ?"

"ಆಮೇಲೆ ಮಾತಾಡೋಣ" ಎಂದು ಬೈಕ್ ಸ್ಟಾರ್ಟ್ ಮಾಡಿದೆ. ಅಷ್ಟು ನಾಚಿಕೆಗೇಡಿನ ಮಾತು ನಾನು ಇನ್ನೊಂದು ಆಡಿಲ್ಲ.

ಮಧ್ಯಾಹ್ನ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಸಂಜೆ ಮತ್ತೆ ಹೋದೆ. ತಪ್ಪು ನನ್ನದು, ಆಯಮ್ಮ ಡಿಸ್ಕ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ ಹೂವಿಟ್ಟಿದ್ದು ಬಿಟ್ಟರೆ ಏನೂ ಮಾಡಿಲ್ಲ ಎಂದು ರಂಗಸ್ವಾಮಿಗೆ ನೇರವಾಗಿ ಹೇಳಿದೆ. "ನಾಳೆಯಿಂದ ಬರಾಕೆ ನೀವೇ ಹೇಳಿ" ಎಂದು ಅವರು ನಾಗವೇಣಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಎಲ್ಲ ಹೇಳಿ ಕ್ಷಮೆ ಕೇಳಿದೆ.

"ಕೆಲಸಕ್ಕೆ ಬತ್ತೀನಿ ಸಾ" ಎಂದರು. "ಆದ್ರೆ ಆ ಮಿಷಿನ್ ಮಾತ್ರ ಇನ್ನು ಮುಟ್ಟಾಕಿಲ್ಲ."

ಈಗ ಅವರು ಹಾಲಿನ ಫ್ಯಾಟ್ ಪರೀಕ್ಷಿಸುತ್ತಾರೆ. ಕೇಳುವವರಿಗೆ ಅರ್ಥವಾಗದ ಹಾಗೆ ಹೇಳಿದ ನಿಜವೂ ಒಬ್ಬರ ಅನ್ನ ಕಿತ್ತುಕೊಳ್ಳಬಲ್ಲದು ಎಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ. ಪ್ರತಿ ಆಯುಧಪೂಜೆಗೂ ತಪ್ಪದೆ ಅಲ್ಲಿಗೆ ಹೋಗುತ್ತೇನೆ. ತಕ್ಕಡಿಗೆ, ಕ್ಯಾನಿಗೆ, ಜನರೇಟರಿಗೆ ನಾಗವೇಣಿಯೇ ಕುಂಕುಮ ಇಡುತ್ತಾರೆ. ಸರ್ವರ್ ಹತ್ತಿರ ಬಂದಾಗ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ.