ಟೆನಿಸ್ ಅಂಕಣದಲ್ಲಿ ಹುರುಳಿ

ನಮ್ಮ ಆಫೀಸಿನ ಸಾಹೇಬರನ್ನು ಸೋಲಿಸಲೆಂದೇ ಮೈಸೂರಿನಿಂದ ತಂದ ಹೊಸ ಗ್ರಾಫೈಟ್ ರ್‍ಯಾಕೆಟ್ ಹಿಡಿದು, ಬಿಳಿ ಚಡ್ಡಿ ತೊಟ್ಟು, ತಿ. ನರಸೀಪುರದ ನಮ್ಮ ಕ್ಲಬ್ಬಿನ ಟೆನಿಸ್ ಅಂಕಣಕ್ಕೆ ಕಾಲಿಟ್ಟವನು ದಂಗಾಗಿ ನಿಂತೆ. ಪಕ್ಕದ ಹೊಲದ ಅಜ್ಜಿಯೊಬ್ಬರು ಅಂಕಣವನ್ನು ಸಗಣಿಯಿಂದ ಸಾರಿಸಿ, ಹುರುಳಿ ಒಣಹಾಕಿದ್ದರು. ಗೆರೆಗಳೆಲ್ಲ ಮಾಯ!

"ಅಜ್ಜಿ, ಇದು ಆಟ ಆಡೋ ಜಾಗ," ಎಂದೆ ಗತ್ತಿನಿಂದ.

"ಆಡೋರ್ನ ನಾನಂತೂ ಕಂಡಿಲ್ಲ ಕಣಪ್ಪ. ಸುಮ್ನೆ ನಿಂತಿದ್ದೀಯಲ್ಲ, ಕೈಲಿರೋ ಆ ಜರಡೀಲಿ ವಸಿ ಕೋಳಿ ಓಡ್ಸು," ಎಂದರು.

ರ್‍ಯಾಕೆಟ್ ಬೀಸಿಕೊಂಡು ಓಡಿದೆ. ಕೋಳಿಗಳು ದಿಕ್ಕಾಪಾಲಾದವು. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ತಿರುಗಿದರೆ, ಆಡಲು ಬಂದ ಸಾಹೇಬರು!

"ಒಳ್ಳೆ ಕೈ ಕಣಪ್ಪ ನಿಂದು," ಎಂದರು ಅಜ್ಜಿ.

ಆಮೇಲೂ ಹಲವು ವರ್ಷ ಸಾಹೇಬರೊಂದಿಗೆ ಆಡಿದೆ. ಆ ದುಬಾರಿ ರ್‍ಯಾಕೆಟ್ಟಿನಿಂದ ನಾನು ಸೋಲಿಸಿದ್ದು ಮಾತ್ರ ಆ ಕೋಳಿಗಳನ್ನಷ್ಟೇ.